ಎಡಗಡೆಯ ಸೀಟು

ಶನಿವಾರ ಬೆಳಗ್ಗೆ ಅಪ್ಪ ಕಾರಿನ ಮೂತಿಯನ್ನು ಜಾಕಿಯಲ್ಲಿ ಎತ್ತಿ, ಅಡಿಗೆ ಹಳೇ ರೈಲ್ವೆ ದಿಮ್ಮಿಗಳನ್ನು ಕೊಟ್ಟು, ಮುಂದಿನ ಎರಡೂ ಚಕ್ರ ಬಿಚ್ಚಿ ಬೇಲಿಗೆ ಒರಗಿಸಿದ. ನಾಯಿ ಬಂದು ಒಂದರ ಮೇಲೆ ಕಾಲೆತ್ತಿತು. ಅಪ್ಪ ಬೈಯಲಿಲ್ಲ. ಮೊದಲಾಗಿದ್ದರೆ ಕೈಗೆ ಸಿಕ್ಕ ಪಾನಾ ಎಸೆಯುತ್ತಿದ್ದ.

ಕಾರು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ನಮ್ಮ ರಾಜಧಾನಿ ಉಲಾನ್‌ಬಾತರಿನ ಅರ್ಧ ಕಾರುಗಳು ಹಾಗೆಯೇ. ನಮ್ಮ ಗುಡ್ಡದ ಓಣಿಗೆ ಡಾಂಬರು ಬಂದಿಲ್ಲ. ಚಳಿಗಾಲದಲ್ಲಿ ಚೆಲ್ಲಿದ ನೀರೆಲ್ಲ ಹೆಪ್ಪುಗಟ್ಟಿ, ವಸಂತದಲ್ಲಿ ಕರಗಿ, ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ. ಉಳಿಯುವುದು ಗುಂಡಿ. ಗುಂಡಿಗೆ ಬಿದ್ದೆದ್ದು ಕಾರಿನ ಮುಂಭಾಗ ಸಡಿಲವಾಗಿ ಕಡಕಡ ಎನ್ನತೊಡಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಬೇಲಿ ಬೇಲಿಯೊಳಗೂ ಒಂದೊಂದು ಕಾರು ಮಂಡಿಯೂರಿರುತ್ತದೆ, ಅದರಡಿಯಿಂದ ಒಬ್ಬ ಗಂಡಸಿನ ಕಾಲುಗಳು ಚಾಚಿರುತ್ತವೆ.

ಈ ಸಲ ಅವಸರವಿತ್ತು. ಮರುದಿನ ಅಮ್ಮನ ತಮ್ಮನ ಮನೆಗೆ ಹೋಗಬೇಕು. ಹಳ್ಳಿಗಾಡು, ಇಡೀ ದಿನದ ದಾರಿ. ಅವನ ಮೊಮ್ಮಗನ ತಲೆಗೆ ಮೊದಲ ಸಲ ಕತ್ತರಿ ತಾಗಿಸುವ ಹಬ್ಬ. ಮೊದಲ ಎಳೆ ಕತ್ತರಿಸುವವರು ಹುಟ್ಟಿದ ವರ್ಷ ಮಗುವಿನ ವರ್ಷಕ್ಕೆ ಹೊಂದಬೇಕು. ಲಾಮಾ ನೋಡಿ ಹೇಳಿದ ವರ್ಷದಲ್ಲಿ ಹುಟ್ಟಿದವಳು ಆ ಮನೆತನದಲ್ಲಿ ಅಮ್ಮ ಒಬ್ಬಳೇ. ಮಾವ ಮತ್ತೆ ಮತ್ತೆ ಫೋನ್ ಮಾಡಿದ. ಅಮ್ಮ ಪ್ರತಿ ಸಲವೂ ನೋಡೋಣ ಎಂದಳು.

ಅಮ್ಮ ಕಾರು ಹತ್ತದೆ ವರ್ಷವಾಗಿತ್ತು. ಊರೊಳಗೆ ಬಸ್ಸಿನಲ್ಲಿ ಹೋಗುತ್ತಿದ್ದಳು, ಇಲ್ಲವೇ ನಡೆಯುತ್ತಿದ್ದಳು. ಮಾವನಿರುವ ಕಡೆಗೆ ಬಸ್ಸಿಲ್ಲ.

ಹೋದ ಶರತ್ಕಾಲದಲ್ಲಿ ನನ್ನ ಅಣ್ಣ ಬಿಲ್ಗೂನ್ ಸತ್ತ. ನಮ್ಮಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಜಪಾನಿನ ಕಾರುಗಳಿಗೆ ಸ್ಟೇರಿಂಗ್ ಕೂಡ ಬಲಗಡೆಯೇ. ಮುಂದೆ ಲಾರಿ ಇದ್ದರೆ ಓಡಿಸುವವನಿಗೆ ಅದರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಲಾರಿಯನ್ನು ಎಡದಿಂದಲೇ ದಾಟಬೇಕು, ಅಲ್ಲಿ ಎದುರಿನ ದಾರಿ ಕಾಣುವುದು ಎಡಗಡೆಯ ಸೀಟಿನಲ್ಲಿ ಕೂತವರಿಗೆ. ಹಾಗಾಗಿ ಓಡಿಸುವವನು "ಹೆಂಗಿದೆ?" ಎಂದು ಕೇಳುತ್ತಾನೆ. ಎಡಗಡೆಯವರು ಇಣುಕಿ "ಖಾಲಿ" ಎನ್ನುತ್ತಾರೆ, ಇಲ್ಲವೇ "ಬರ್ತಿದೆ" ಎನ್ನುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಾರೆ. ಆ ದಿನ ಬಿಲ್ಗೂನನ ಎಡಕ್ಕೆ ಕೂತಿದ್ದವಳು ಅಮ್ಮ. ಎದುರಿನಿಂದ ಬಂದ ಲಾರಿಯನ್ನು ತಪ್ಪಿಸಲು ಅವನು ಕೊನೇ ಗಳಿಗೆಯಲ್ಲಿ ಎಡಕ್ಕೆ ಎಳೆದ. ಪೆಟ್ಟು ಬಲಕ್ಕೆ ಬಿತ್ತು. ಆಸ್ಪತ್ರೆಯಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ಅಮ್ಮ ಒಂದೇ ಸಲ ಹೇಳಿದಳು: "ನಾನು ಖಾಲಿ ಅಂದೆ." ಆಮೇಲೆ ಆ ಮಾತು ತೆಗೆಯಲಿಲ್ಲ.

ಅಪ್ಪ ಬಾಲ್ ಜಾಯಿಂಟಿನ ಮಾತು ತೆಗೆದದ್ದು ಅದಾದ ಮೇಲೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಕಬ್ಬಿಣದ ತೋಳಿನ ತುದಿಯಲ್ಲಿ, ನಮ್ಮ ತೊಡೆಯ ಕೀಲಿನ ಹಾಗೆ, ಬಟ್ಟಲಿನೊಳಗೆ ಕೂತ ಒಂದು ಗುಂಡು ಇರುತ್ತದೆ. ಅದು ಸವೆದು ಕಳಚಿದರೆ ಚಕ್ರ ಅಡ್ಡ ಮಲಗುತ್ತದೆ, ಕಾರು ತನಗೆ ತೋಚಿದ ಕಡೆ ನುಗ್ಗುತ್ತದೆ. ಬಿಲ್ಗೂನನ ಕಾರಿನ ಬಲಗಡೆಯ ಬಾಲ್ ಜಾಯಿಂಟ್ ಕಳಚಿತ್ತು, ಅದಕ್ಕೇ ಹಾಗಾಯಿತು ಎಂದು ಸಾವಿಗೆ ಬಂದವರಿಗೆಲ್ಲ ಅಪ್ಪ ಹೇಳಿದ. ಅಮ್ಮನಿಗೆ ಕೇಳುವ ಹಾಗೆ ಹೇಳಿದ. ಅಪ್ಪನ ಜೊತೆ ಪೊಲೀಸರ ಅಂಗಳಕ್ಕೆ ಹೋಗಿ ಆ ಕಾರನ್ನು ನಾನೂ ನೋಡಿದ್ದೆ. ಬಲಭಾಗ ಇರಲೇ ಇಲ್ಲ. ಯಾವುದು ಮೊದಲು ಕಳಚಿತು, ಯಾವುದು ಆಮೇಲೆ ಮುರಿಯಿತು ಎಂದು ಹೇಳಲು ಅಲ್ಲಿ ಏನೂ ಉಳಿದಿರಲಿಲ್ಲ.

ಈಗ ಅಪ್ಪನ ಬಲಗಣ್ಣಿಗೆ ಪೊರೆ ಬಂದಿದೆ, ಲೈಸೆನ್ಸ್ ಮುಗಿದಿದೆ. ಕಾರು ಓಡಿಸುವವಳು ನಾನು. ಒಂದು ಕಣ್ಣಿನವನಿಗೆ ಎದುರಿನ ಗಾಡಿ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗುವುದಿಲ್ಲ. ಅಂದರೆ ಎಡಗಡೆಯ ಸೀಟಿಗೆ ಅಮ್ಮನೇ ಬೇಕು. ಅಮ್ಮ ಬರದಿದ್ದರೆ ಯಾರೂ ಹೋಗುವ ಅಗತ್ಯವೇ ಇಲ್ಲ. ಅಪ್ಪ ಮಾರ್ಕೆಟ್ಟಿಗೆ ಹೋಗಿ ಎರಡು ಹೊಸ ತೋಳು, ಎರಡು ಬಾಲ್ ಜಾಯಿಂಟ್ ತಂದು ಬಾಗಿಲ ಬಳಿ ಇಟ್ಟ. ಅಮ್ಮ ಅವನ್ನು ದಾಟಿಕೊಂಡು ಓಡಾಡಿದಳು.

ಕೆಲಸ ಎಂದಿನಂತೆ ನಡೆಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಹೊಯ್ದು ಕಾಯ್ದೆವು. ನಟ್ಟಿನ ಪಿನ್ನು ಎಳೆದರೆ ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಅಪ್ಪ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ, ಹೆಚ್ಚಿನದನ್ನು ಬೆರಳಿನಲ್ಲೇ ನೋಡುತ್ತಿದ್ದ. ಕೀಲು ಬಿಡಿಸಲು ನಾನು ಸುತ್ತಿಗೆ ಬೀಸಿದೆ. ಒಂದು ಪೆಟ್ಟು ಜಾರಿ ಹೆಬ್ಬೆರಳಿಗೆ ಬಿತ್ತು. ಉಗುರಿನಡಿ ರಕ್ತ ಕಪ್ಪಗೆ ಹರಡುವುದನ್ನು ನೋಡಿದೆ. ನೋವು ತಡವಾಗಿ ಬಂತು, ಬಂದದ್ದೂ ಅಷ್ಟೇನಿರಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಬೀಸಿದೆ.

ಸದ್ದು ಕೇಳಿ ಪಕ್ಕದ ಮನೆಯ ಗೋಂಬೋ ಬಂದ. ಅಪ್ಪನ ಜೊತೆ ರಷ್ಯನ್ ಲಾರಿ ಓಡಿಸುತ್ತಿದ್ದವನು. ಯಾರ ಮನೆಯಲ್ಲಿ ಕಾರು ಮಂಡಿಯೂರಿದರೂ ಅಲ್ಲಿರುತ್ತಾನೆ. ಬೇಲಿಯ ಬಾಗಿಲಲ್ಲೇ ನಿಂತು, ಯೂನಿವರ್ಸಿಟಿಯಲ್ಲಿ ಈಗ ಸುತ್ತಿಗೆ ಬೀಸುವುದನ್ನೂ ಹೇಳಿಕೊಡುತ್ತಾರೇನು ಎಂದು ನನ್ನನ್ನು ಕೆಣಕಿದ.

"ಬಾಯಿ ಮುಚ್ಕೊಂಡಿರೋದನ್ನೂ ಹೇಳಿಕೊಡ್ತಾರೆ, ಗೋಂಬೋ ಮಾವ. ನೀವೂ ಸೇರ್ಕೊಳ್ಳಿ."

"ನಿನ್ನ ನಾಲಿಗೆ ನಿಮ್ಮಮ್ಮಂದೇ ಬಿಡು," ಎಂದ. ಆಮೇಲೆ ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಅಮ್ಮನ ಆ ನಾಲಿಗೆ ಅವನು ಕೇಳಿ ತುಂಬ ದಿನವಾಗಿತ್ತು.

ಅಮ್ಮ ಒಳಗೆ ದಾರಿಯ ಬುತ್ತಿಗೆ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಳು. ಬುತ್ತಿ ಯಾರಿಗೆ ಎಂದು ನಾನು ಕೇಳಿರಲಿಲ್ಲ. ಮಾವನ ಮನೆಗೆ ಕಳಿಸಲು ಇರಬಹುದು, ತಾನೂ ಬರುವುದಕ್ಕೆ ಇರಬಹುದು. ಸ್ವಲ್ಪ ಹೊತ್ತಿನಲ್ಲಿ ಮೂರು ಬಟ್ಟಲು ಉಪ್ಪಿನ ಚಹಾ ತಂದು ಮರದ ದಿಮ್ಮಿಯ ಮೇಲಿಟ್ಟಳು. ಬಿಚ್ಚಿದ ಬಲಗಡೆಯ ಬಾಲ್ ಜಾಯಿಂಟ್ ನೆಲದ ಮೇಲಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಕೈಯಲ್ಲಿ ಹಿಟ್ಟು, ಅದಕ್ಕೆ ಗ್ರೀಸು ಹತ್ತಿತು. ಹೊಸದಾದರೆ ಗುಂಡಿನಿಂದ ಹೊರಚಾಚಿದ ಕಡ್ಡಿಯನ್ನು ಕೈಯಲ್ಲಿ ತಿರುಗಿಸಲು ಕಷ್ಟ. ಇದು ಬೀಳಲಿರುವ ಹಲ್ಲಿನಂತೆ ಅತ್ತಿತ್ತ ಆಡಿತು. ಅಮ್ಮ ಆಡಿಸುತ್ತಲೇ ಇದ್ದಳು.

"ಅವನ ಗಾಡೀದೂ ಹಿಂಗೇ ಇತ್ತಾ?"

ಅಪ್ಪ ಕಾರಿನ ಕೆಳಗಿದ್ದ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಇದಕ್ಕಿಂತ ಜಾಸ್ತಿ," ಎಂದ.

ಗೋಂಬೋ ಚಹಾ ಕುಡಿದ. ನಾನೂ ಕುಡಿದೆ. ಅಮ್ಮ ಅದನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟು ಒಳಗೆ ಹೋದಳು. ನಂಬಿದಳೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಇತ್ತೀಚೆಗೆ ಯಾರ ಮುಖದಲ್ಲೂ ಏನೂ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡೂ ಹೊಸ ತೋಳು ಜಾಗಕ್ಕೆ ಕೂತವು. ಗೋಂಬೋ ತಾನೂ ಕೈ ಹಾಕುತ್ತೇನೆಂದು ಉದ್ದ ಪೈಪನ್ನು ಪಾನಾಗೆ ಸಿಕ್ಕಿಸಿ ತೋಳಿನ ಬೋಲ್ಟನ್ನು ಬಿಗಿಯಲು ಶುರು ಮಾಡಿದ. ಅಪ್ಪ ಅವನ ಕೈ ಹಿಡಿದ.

"ಬಿಡು. ನೆಲ ಮುಟ್ಟಿದ್ಮೇಲೆ."

ರಷ್ಯನ್ ಲಾರಿಗಳ ಕೆಳಗೆ ಭಾರ ಹೊರುವುದು ಕಬ್ಬಿಣದ ಪಟ್ಟಿಗಳ ಸ್ಪ್ರಿಂಗು. ಅವನ್ನು ಗಾಳಿಯಲ್ಲಿ ನೇತಾಡುವಾಗಲೇ ಬಿಗಿಯುವುದು ಹಳೇ ಡ್ರೈವರುಗಳ ಅಭ್ಯಾಸ, ನಮ್ಮ ಗುಡ್ಡದಲ್ಲಿ ಎಲ್ಲರೂ ಅವರಿಂದಲೇ ಕಲಿತವರು. ಈ ಕಾರುಗಳ ತೋಳಿನ ಬುಡದಲ್ಲಿ, ಬೋಲ್ಟಿನ ಸುತ್ತ, ಬಳೆಯಂಥ ರಬ್ಬರಿನ ಬುಶ್ ಇರುತ್ತದೆ. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಓಡಿದಷ್ಟೂ ಹರಿಯುತ್ತದೆ. ಮೊದಲು ಕಾರು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಆಮೇಲೆ ಬಿಗಿಯಬೇಕು.

ಗಾಡಿ ಬಿಗಿಯುತ್ತಲೇ ತಾನು ಮುದುಕನಾದದ್ದು ಎಂದು ಗೋಂಬೋ ಗೊಣಗಿದ.

"ಅದಕ್ಕೇ ನಿನ್ನ ಗಾಡಿ ನಿನಗಿಂತ ಮುಂಚೆ ಮುದುಕ ಆಗಿದ್ದು," ಎಂದ ಅಪ್ಪ. ಆ ದಿನ ಅವನ ಬಾಯಿಂದ ಬಂದ ಉದ್ದದ ಮಾತು ಅದೇ.

ಚಕ್ರ ಹಾಕಿ, ಚಕ್ರಗಳಡಿಗೆ ದಪ್ಪ ಹಲಗೆಗಳನ್ನು ಪೇರಿಸಿ, ಜಾಕಿ ಇಳಿಸಿದೆವು. ಕಾರು ಹಲಗೆಗಳ ಮೇಲೆ ನಿಂತಿತು. ಕೆಳಗೆ ಅಪ್ಪ ತೂರುವಷ್ಟು ಜಾಗ ಉಳಿಯಿತು. ನಾನು ಮುಂಭಾಗವನ್ನು ಒತ್ತಿ ಒತ್ತಿ ಬಿಟ್ಟೆ. ಇನ್ನೇನು ಬಿಗಿಯಬೇಕು, ಅಪ್ಪ ತಲೆ ಹೊರಗೆ ಹಾಕಿ, ಎಡಗಡೆಯ ಸೀಟಿಗೆ ಭಾರ ಬೇಕು ಎಂದ.

ಅಷ್ಟು ಭಾರ ಬೇಕಾಗಿರಲಿಲ್ಲ. ಕಾರಿನ ಭಾರವೇ ಸಾಕು, ಹೋದ ಸಲವೂ ಸಾಕಾಗಿತ್ತು. ನಾನು ಅದನ್ನು ಹೇಳದೆ, ಬೇಲಿಯ ಬುಡದಲ್ಲಿದ್ದ ಕಲ್ಲಿದ್ದಲಿನ ಮೂಟೆಗಳ ಕಡೆ ನಡೆದೆ. ಗೋಂಬೋ ತನ್ನ ಹೊಟ್ಟೆ ತಟ್ಟಿಕೊಂಡು ಬಾಗಿಲು ತೆಗೆಯಲು ಹೋದ.

"ನೀನು ಪೈಪ್ ಹಿಡಿ," ಎಂದ ಅಪ್ಪ ಅವನಿಗೆ. ನನಗೆ, "ನೀನು ಬಾ ಇಲ್ಲಿ, ನಟ್ಟು ಹಿಡಿ." ಆಮೇಲೆ ಮನೆಯ ಕಡೆ ತಿರುಗಿ, ದನಿ ಏರಿಸದೆ, "ದುಲ್ಮಾ, ಒಂಚೂರು ಬಂದು ಕೂತ್ಕೋ. ಭಾರ ಬೇಕು."

ಒಳಗೆ ಎಣ್ಣೆಯ ಸದ್ದು ನಿಂತಿತು. ಬಾಣಲೆಯನ್ನು ಒಲೆಯಿಂದ ಇಳಿಸಿರಬೇಕು. ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಾರಿನ ಮುಂದೆ ನಿಂತಳು. ಗೋಂಬೋ ನೆಲ ನೋಡಿದ. ಅಪ್ಪ ಆಗಲೇ ಕೆಳಗೆ ತೂರಿಕೊಂಡಿದ್ದ.

ಕಾರು ಎತ್ತರದಲ್ಲಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು, ಒಂದು ಮಂಡಿಯನ್ನು ಸೀಟಿಗೆ ಊರಿ ಹತ್ತಿದಳು. ಬಾಗಿಲು ಹಾಕಿಕೊಳ್ಳಲಿಲ್ಲ. ತಲೆಯ ಮೇಲಿನ ಹಿಡಿಯನ್ನು ಹಿಡಿದು ಗಾಜಿನಾಚೆ ನೇರ ನೋಡುತ್ತ ಕೂತಳು. ಎದುರಿಗೆ ನಮ್ಮ ಬೇಲಿಯ ಹಲಗೆಗಳಿದ್ದವು, ಅವುಗಳ ಮೇಲೆ ಒಣಗಲು ಹಾಕಿದ ಅಪ್ಪನ ಕೋಟು.

ಗೋಂಬೋ ಪೈಪನ್ನು ಎಳೆದಾಗಲೆಲ್ಲ ಕಾರು ತೂಗಾಡುತ್ತಿತ್ತು. ಪ್ರತಿ ಸಲವೂ ಅಮ್ಮ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಬಲಗಡೆಯದು ಮುಗಿಯಿತು, ಎಡಗಡೆಯದು ಮುಗಿಯಿತು. ಅಪ್ಪ ಹೊರಬಂದು ಮಣ್ಣು ಕೊಡವಿಕೊಂಡು, ಆಯಿತು, ಇಳಿ ಎಂದ. ಅವಳು ಇಳಿಯಲಿಲ್ಲ.

"ಕಲ್ಲಿದ್ದಲಿನ ಮೂಟೆ ಇರ್ಲಿಲ್ವಾ?" ಎಂದು ಕೇಳಿದಳು.

"ಇತ್ತು."

ಅವಳು ತಲೆಯಾಡಿಸಿದಳು. ಗೋಂಬೋ ಮನೆಯಲ್ಲಿ ಕೆಲಸವಿದೆ ಎಂದು ಹೋದ. ನಾವಿಬ್ಬರೂ ಪಾನಾ, ಸುತ್ತಿಗೆ, ಹಳೇ ತೋಳುಗಳನ್ನು ಎತ್ತಿಡುವವರೆಗೂ ಅವಳು ಅಲ್ಲೇ ಕೂತಿದ್ದಳು. ಹಲಗೆಗಳಿಂದ ಕಾರನ್ನು ಇಳಿಸಬೇಕಿತ್ತು. ಎಂಜಿನ್ ಚಾಲು ಮಾಡಿ, ಅವಳನ್ನು ಕೂರಿಸಿಕೊಂಡೇ, ಇಷ್ಟಿಷ್ಟೇ ಹಿಂದಕ್ಕೆ ಬಿಟ್ಟು ನೆಲಕ್ಕೆ ಇಳಿಸಿದೆ. ಅವಳು ಹಿಡಿಯನ್ನು ಬಿಟ್ಟದ್ದು ಆಗ. ಒಳಗೆ ಹೋಗಿ ಉಳಿದ ಹಿಟ್ಟನ್ನು ಕರಿದಳು.

ಭಾನುವಾರ ಬೆಳಗ್ಗೆ ಅಮ್ಮ ಒಳ್ಳೆಯ ನಿಲುವಂಗಿ ತೊಟ್ಟು ಹಾಲಿನ ಪಾತ್ರೆ, ಸೌಟು ಹಿಡಿದು ಹೊರಗೆ ಬಂದಳು. ದೂರ ಹೋಗುವವರ ಚಕ್ರಗಳಿಗೆ ಹಾಲು ಚಿಮುಕಿಸುವುದು ಮನೆಯಲ್ಲಿ ಉಳಿಯುವವರ ಕೆಲಸ. ಅವಳು ನಾಲ್ಕೂ ಚಕ್ರಗಳಿಗೆ ಚಿಮುಕಿಸಿದಳು. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಅಪ್ಪ ಹಿಂದೆ ಕೂತಿದ್ದ. ಎಡಗಡೆಯ ಸೀಟು ಖಾಲಿ ಇತ್ತು. ಅವಳು ಪಾತ್ರೆ ಹಿಡಿದು ನಿಂತೇ ಇದ್ದಳು. ಸರಿ, ಇವಳು ಉಳಿಯುವವಳು ಎಂದುಕೊಂಡೆ. ಬೇಸರವೂ ಆಗಲಿಲ್ಲ. ಅಷ್ಟರಲ್ಲಿ ಅವಳು ಬೇಲಿಯಾಚೆಗೆ ಗೋಂಬೋನನ್ನು ಕರೆದು, ಪಾತ್ರೆಯನ್ನೂ ಸೌಟನ್ನೂ ಅವನ ಕೈಗೆ ಕೊಟ್ಟು, ನಾಯಿಗೆ ಊಟ ಹಾಕಲು ಹೇಳಿ, ಬಂದು ಕೂತು ಬಾಗಿಲು ಹಾಕಿಕೊಂಡಳು.

ಓಣಿಯ ಗುಂಡಿಗಳಲ್ಲಿ ಇಳಿದೆದ್ದು ಹೋದೆವು. ಕಡಕಡ ಇರಲಿಲ್ಲ. ಆ ಸದ್ದು ಇದ್ದಾಗ ಯಾರೂ ಮಾತಾಡಬೇಕಾಗಿರಲಿಲ್ಲ. ಈಗ ಕಾರಿನೊಳಗೆ ಮೂವರ ಉಸಿರು ಕೇಳುತ್ತಿತ್ತು.

ಊರು ದಾಟಿ ಬಯಲಿಗೆ ಬಂದ ಮೇಲೆ ಹುಲ್ಲು ಹೇರಿದ ಒಂದು ಲಾರಿ ಮುಂದೆ ಸಿಕ್ಕಿತು. ಆಮೆಯ ಹಾಗೆ ಹೋಗುತ್ತಿತ್ತು. ಹುಲ್ಲಿನ ಕಡ್ಡಿಗಳು ಹಾರಿ ಬಂದು ಗಾಜಿಗೆ ಬೀಳುತ್ತಿದ್ದವು. ನಾನು ಏನೂ ಕೇಳಬಾರದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಕೇಳಲಿಲ್ಲ. ಅಮ್ಮ ತಾನಾಗಿಯೇ ಎಡಕ್ಕೆ ವಾಲಿ ಇಣುಕಿದಳು.

"ಬರ್ತಿದೆ," ಎಂದಳು.

ನಾನು ಕಾದೆ. ಏನೂ ಬರಲಿಲ್ಲ. ರಸ್ತೆ ಒಂದು ಕಡೆ ದೊಡ್ಡದಾಗಿ ಬಲಕ್ಕೆ ಬಾಗಿದಾಗ ನನಗೇ ಲಾರಿಯ ಬಲಬದಿಯಿಂದ ಮುಂದಿನ ದಾರಿಯೆಲ್ಲ ಕಂಡಿತು. ದಿಗಂತದವರೆಗೂ ಒಂದು ನರಪಿಳ್ಳೆಯೂ ಇರಲಿಲ್ಲ. ಲಾರಿಯವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗಿ ಹೋಗಿ ಎಂದು ಬೀಸಿದ.

ಅಮ್ಮ ಮತ್ತೆ ಇಣುಕಿದಳು. ಸರಿಯಾಗಿ, ಕುತ್ತಿಗೆ ಚಾಚಿ, ಸಾಕಷ್ಟು ಹೊತ್ತು ನೋಡಿದಳು.

"ಬರ್ತಿದೆ."

ನಾನು ವೇಗ ಇಳಿಸಿ ಲಾರಿಯ ಹಿಂದೆಯೇ ಉಳಿದೆ. ನಮ್ಮ ಹಿಂದಿನ ಕಾರುಗಳು ಹಾರನ್ ಹೊಡೆದು, ಒಂದೊಂದಾಗಿ ನಮ್ಮನ್ನೂ ಲಾರಿಯನ್ನೂ ದಾಟಿ ಹೋದವು. ಅಮ್ಮ ಅವನ್ನು ನೋಡಿದಳು. ಹಿಂದಿನ ಸೀಟಿನಿಂದ ಅಪ್ಪ, ಸದ್ದೇನೂ ಇಲ್ಲ ತಾನೇ ಎಂದು ಕೇಳಿದ. ಇಲ್ಲ ಎಂದೆ. ಅವನು ಬುತ್ತಿಯ ಗಂಟು ಬಿಚ್ಚಿ ಕರಿದ ತುಂಡೊಂದನ್ನು ಮುಂದಕ್ಕೆ ಚಾಚಿದ. ಅಮ್ಮ ಅದನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು, ಅರ್ಧ ತಾನು ತಿಂದಳು. ತಿನ್ನುತ್ತಲೇ ಮತ್ತೆ ಎಡಕ್ಕೆ ವಾಲಿದಳು.

ನಾವು ಮಾವನ ಮನೆ ತಲುಪುವಾಗ ಹೊತ್ತು ಮೀರಿರುತ್ತದೆ, ಮಗುವಿನ ಕೂದಲು ಕಾಯಬೇಕಾಗುತ್ತದೆ. ಕಾಯಲಿ.