ಮಂಥೊಸ್ ಹೇಳಿದ ಸಂದಿ

ಬಡಗಣ ಗಾಳಿ ನಾಲ್ಕು ದಿನ ಬಿಡದೆ ಬೀಸಿತು. ಡೀಲೋಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಿಕೊನೋಸಿನ ದಕ್ಕೆಯಲ್ಲೇ ನಿಂತವು. ಆ ನಾಲ್ಕು ದಿನವೂ ಮುದುಕ ಲಿನಾರ್ದೊಸ್ ಅಡುಗೆಮನೆಯ ಮೇಜಿನ ಮೇಲೆ ಆಲಿವ್ ಬೀಜಗಳನ್ನು ಸಾಲಾಗಿಟ್ಟು ಮಗಳು ಫ್ಲೋರಾಳಿಗೆ ದಾರಿ ಹೇಳಿಕೊಟ್ಟ. ಡೀಲೋಸಿನ ಪ್ರಾಚೀನ ಊರಿನ ಉತ್ಖನನದಲ್ಲಿ ಮೂವತ್ತು ವರ್ಷ ಕಲ್ಲುಕೆಲಸ ಮಾಡಿದವನು. ಈಗ ಮಂಡಿ ಕೈಕೊಟ್ಟಿತ್ತು. ದೋಣಿ ಹತ್ತುವುದೇ ಆಗದ ಮಾತು.

"ಹತ್ತು ಗಂಟೆ ದೋಣಿಗೆ ಹೋಗು, ಒಂದೂವರೇದಕ್ಕೆ ವಾಪಸ್ ಬಾ. ಕಲ್ಲಿನ ಸಿಂಹಗಳ ಹತ್ರ ಹೊತ್ತು ಕಳೀಬೇಡ, ಅವೇನು ಓಡಿಹೋಗಲ್ಲ. ಸೀದಾ ರಂಗಮಂದಿರದ ಹಿಂದಿನ ದಿಣ್ಣೆ ಹತ್ತು."

"ಸಿಂಹ ನೋಡದೆ ಬಂದ್ಲು ಅಂತ ಜನ ನಗ್ತಾರಪ್ಪಾ."

"ನಗಲಿ. ನಮ್ಮ ಗೋಡೆ ನೋಡ್ಕೊಂಡು ಬಾ."

ಹಳೆಯ ಮನೆಯೊಂದರ ಬಣ್ಣದ ಕಲ್ಲಿನ ನೆಲಕ್ಕೆ ದಿಣ್ಣೆಯ ಮಣ್ಣು ಜಾರದಂತೆ ಅವನೂ ತಮ್ಮ ಮಂಥೊಸನೂ ಕಟ್ಟಿದ ತಡೆಗೋಡೆ ಅದು. ಮಂಥೊಸ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಐದನೆಯ ದಿನ ಕಡಲು ತಣ್ಣಗಾಯಿತು. ಒಣರೊಟ್ಟಿ, ಚೀಸು, ನೀರು ಕಟ್ಟಿಕೊಂಡು ಫ್ಲೋರಾ ಹೊರಟಳು. ಅಪ್ಪ ಹೇಳಿದ ದಾರಿ ಒಂದು ಹೆಜ್ಜೆಯೂ ತಪ್ಪಲಿಲ್ಲ. ಆದರೆ ಗೋಡೆ ನಡುವೆ ಕುಸಿದು, ಕಲ್ಲುಮಣ್ಣು ಬಣ್ಣದ ನೆಲದ ಅಂಚಿನವರೆಗೂ ಬಂದು ನಿಂತಿತ್ತು. ಸುತ್ತ ಹಗ್ಗ ಕಟ್ಟಿದ್ದರು.

"ಹೋದ ಚಳಿಗಾಲದ ಮಳೆಗೆ ಬಿತ್ತು ಕಣಮ್ಮ," ಎಂದಳು ಕಾವಲಿನಾಕೆ. "ಮುಂದಿನ ತಿಂಗಳು ಕಟ್ತಾರೆ."

ಗೋಡೆ ಗಟ್ಟಿಯಾಗಿದೆ ಎಂದುಬಿಡೋಣವೆಂದು ಫ್ಲೋರಾ ದೋಣಿಯಲ್ಲೇ ನಿರ್ಧರಿಸಿದ್ದಳು. ಮನೆಗೆ ಬಂದರೆ, ಅಪ್ಪ ಗಡ್ಡ ಹೆರೆದು, ಒಗೆದ ಅಂಗಿ ತೊಟ್ಟು ಬಾಗಿಲಲ್ಲೇ ಕೂತಿದ್ದ. ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

"ಬಿದ್ದಿದೆ ಅಪ್ಪಾ."

ಮುದುಕ ಕೇಳಿದ. "ಎಲ್ಲಿ?"

"ನಡುವೆ."

"ಬಿದ್ದ ಕಲ್ಲಲ್ಲಿ ಪಾಚಿ ಇತ್ತಾ?"

"ಒಣಗಿದ ಪಾಚಿ ಇತ್ತು."

"ಹಾಗಾದ್ರೆ ನೀರು ಗೋಡೆ ಹಿಂದೆ ನಿಂತಿದೆ," ಎಂದ ಮುದುಕ. "ಮಂಥೊಸ್ ಹೇಳಿದ್ದ, ನೀರು ಹೋಗೋಕೆ ಕೆಳಗೆ ಸಂದಿ ಬಿಡೋಣ ಅಣ್ಣ ಅಂತ. ನಂಗೇ ಕಲಿಸ್ತೀಯೇನೋ ಅಂತ ಎಲ್ಲರ ಮುಂದೆ ಬೈದೆ. ಗೋಡೆ ಮುಗಿಯೋವರೆಗೂ ಅವನು ತುಟಿ ಬಿಚ್ಚಲಿಲ್ಲ. ನಾನೂ ಕರೆದು ಮಾತಾಡಿಸಲಿಲ್ಲ."

"ಹೋಗ್ಲಿ ಬಿಡು, ನಲವತ್ತು ವರ್ಷ ನಿಂತಿತ್ತಲ್ಲ."

"ಅಲ್ಲಿ ಎರಡು ಸಾವಿರ ವರ್ಷದ ಗೋಡೆಗಳು ನಿಂತಿವೆ, ನಲವತ್ತಂತೆ ನಲವತ್ತು!" ಎಂದು ಗದರಿದ. ಆಮೇಲೆ ಮೆಲ್ಲಗೆ, "ಅಲ್ಲಿನ ಮೇಸ್ತ್ರಿಗೆ ಫೋನ್ ಹಚ್ಚು," ಎಂದ.

ಫ್ಲೋರಾ ಹಚ್ಚಿಕೊಟ್ಟಳು. ಮುದುಕ ಎರಡೂ ಕೈಯಲ್ಲಿ ಫೋನ್ ಹಿಡಿದು, ಕಡಲಾಚೆಗೆ ಕೂಗುವವನಂತೆ ಜೋರಾಗಿ ಹೇಳಿದ: "ಮೇಸ್ತ್ರೀ, ಆ ಗೋಡೆ ಕಟ್ಟುವಾಗ ಕೆಳಗಿನ ಕಲ್ಲಿನ ಸಾಲಲ್ಲಿ ಎರಡು ಮೊಳಕ್ಕೊಂದು ಸಂದಿ ಬಿಡಿ... ನನ್ನ ಮಾತಲ್ಲಪ್ಪ ಇದು. ಮಂಥೊಸ್ ಹೇಳಿದ್ದು. ಹೂಂ, ನನ್ನ ತಮ್ಮ."