ಮಗುಚಿ ಹಾಕಿದ ಹೆಸರು

ನಾನು ಒಂದು ಕರಿಕಲ್ಲು. ಗದಗದ ಕಡೆಯ ಗುಡ್ಡವೊಂದರ ಹೊಟ್ಟೆ ಸೀಳಿ ನನ್ನನ್ನು ಹೊರತೆಗೆದರು. ಯೋಬ ಎಂಬ ನೇಕಾರ ಚಕ್ಕಡಿಯಲ್ಲಿ ಊರಿಗೆ ತಂದ. ಕಲ್ಲುಕುಟಿಗ ಉಳಿ ಹಿಡಿದು ಕೂತಾಗ ಯೋಬ ಎದುರಿಗೆ ನಿಂತು ಒಂದೊಂದೇ ಮಾತು ಹೇಳಿ ಕೆತ್ತಿಸಿದ. ಅವನ ಕಂಕುಳಲ್ಲಿ ಒಂದು ಎಳೆಗೂಸು ಹಾಲಿಗಾಗಿ ಅಳುತ್ತಿತ್ತು. ಅದರ ತಾಯಿ ತೀರಿಕೊಂಡಿದ್ದಳು. ನಾನು ಹುಟ್ಟಿದ್ದು ಅವಳಿಗಾಗಿ.

ಊರಾಚೆ ಕ್ರೈಸ್ತರ ಗೋರಿಗಳ ನಡುವೆ ಆಕೆಯ ತಲೆಯ ಕಡೆ ನನ್ನನ್ನು ನೆಟ್ಟರು. ದೊಡ್ಡ ಬರಗಾಲದಲ್ಲಿ ಅನಾಥಳಾಗಿ, ಮಿಶನ್ನಿನವರ ಆಶ್ರಯದಲ್ಲಿ ಬೆಳೆದ ಹೆಣ್ಣು ಆಕೆ. ಯೋಬ ಕೆಲವು ದಿನ ಬಂದು ನನ್ನ ಪಕ್ಕ ಕೂತ. ಆಮೇಲೆ ಮಂಗಳೂರಿನ ನೇಯ್ಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಕೂಸನ್ನೆತ್ತಿಕೊಂಡು ಘಟ್ಟ ಇಳಿದ. ಮತ್ತೆ ಬರಲಿಲ್ಲ. ಉಳಿದ ಕುಟುಂಬಗಳೂ ಹೊಟ್ಟೆಪಾಡಿಗೆ ದಿಕ್ಕಿಗೊಂದಾದವು. ಗೋಡೆ ಕುಸಿಯಿತು. ಆಡುಗಳು ಬಂದು ನನಗೆ ಮೈ ತಿಕ್ಕಿದವು. ಒಂದು ಮಳೆಗಾಲ ನಾನೂ ಅಡ್ಡಬಿದ್ದೆ.

ಹಾಗೆ ಬಿದ್ದ ನನ್ನನ್ನು ಗೋರಿಗಳ ಪಕ್ಕದ ಮನೆಯ ಫಕೀರಪ್ಪ ಎತ್ತಿಸಿಕೊಂಡು ಹೋದ. ಹೊಸದಾಗಿ ಮದುವೆಯಾಗಿದ್ದ. ಹೆಂಡತಿ ಕಾಶವ್ವನಿಗೆ ಬಟ್ಟೆ ಒಗೆಯಲು ಹಿತ್ತಲಲ್ಲಿ ಕಲ್ಲಿರಲಿಲ್ಲ.

ಕಾಶವ್ವ ನನ್ನ ಮೇಲೆ ಬೆರಳಾಡಿಸಿದಳು. "ಇದರ ಮ್ಯಾಲ ಅಕ್ಷರ ಅದಾವಲ್ರಿ! ಗೋರಿ ಕಲ್ಲು ತಂದೀರಿ?"

"ಸತ್ತು ಯಾವ ಕಾಲ ಆತೋ ಏನೋ. ಕೇಳಾಕ ಅವರ ಮಂದಿ ಒಬ್ಬರೂ ಉಳಿದಿಲ್ಲ. ಬೋರಲ ಹಾಕಿದ್ರ ಯಾರಿಗೆ ಕಾಣತೈತಿ?"

ನನ್ನ ಮುಖ ಕೆಸರಿನೊಳಗೆ ಹೋಯಿತು.

ಕಾಶವ್ವ ಕೆಟ್ಟವಳಲ್ಲ. ಮೊದಮೊದಲು ಒಗೆಯುವ ಮುಂಚೆ ಒಂದು ಬೊಗಸೆ ನೀರು ಚೆಲ್ಲಿ, "ತಪ್ಪಾತವ್ವಾ" ಎನ್ನುತ್ತಿದ್ದಳು. ಅವಳ ಚೊಚ್ಚಲ ಕೂಸು ಉಳಿಯಲಿಲ್ಲ. ಹಸಿಬಾಣಂತಿ ಹಿತ್ತಲಿಗೆ ಬಂದು, "ಇದನ್ನ ಒಯ್ದು ಇದ್ದಲ್ಲೇ ಇಟ್ಟು ಬರ್ರಿ" ಎಂದು ಗಂಡನ ಮುಂದೆ ಅತ್ತಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದರು. ಕಾಶವ್ವನೂ ಸುಮ್ಮನಾದಳು. ನೀರು ಚೆಲ್ಲುವುದನ್ನೂ ಬಿಟ್ಟಳು. ಒಗೆದು ಒಗೆದು ನನ್ನ ಬೆನ್ನು ನುಣುಪಾಯಿತು. ಫಕೀರಪ್ಪ ತೀರಿಕೊಂಡ. ಕಾಶವ್ವನ ತಲೆ ನರೆಯಿತು.

ಒಂದು ಮಧ್ಯಾಹ್ನ ಬಿಸಿಲಿಗೆ ಬಳಲಿದ ಹೆಂಗಸೊಬ್ಬಳು ನೀರು ಕೇಳಿಕೊಂಡು ಹಿತ್ತಲಿಗೆ ಬಂದಳು. ಸೀರೆಗೆಲ್ಲ ಮುಳ್ಳು, ಉಗುರೊಳಗೆ ಮಣ್ಣು. ಕಾಶವ್ವ ತಂಬಿಗೆ ತರುವಷ್ಟರಲ್ಲಿ ಆಕೆ ನನ್ನ ಮೇಲೆಯೇ ಕೂತಿದ್ದಳು.

"ನಾನು ಲಿಡಿಯಾ, ಮಂಗಳೂರಿನವಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನನ್ನ ಮುತ್ತಜ್ಜಿಯ ಗೋರಿ ಹುಡುಕ್ತಾ ಇದ್ದೇನೆ. ನಮ್ಮ ಚರ್ಚಿನ ಹಳೇ ಪುಸ್ತಕದಲ್ಲಿ ಯೋಬ ಈ ಊರಿಂದ ಬಂದ, ಹೆಂಡತಿ ಶಾಂತವ್ವನನ್ನು ಇಲ್ಲೇ ಮಣ್ಣು ಮಾಡಿದ ಅಂತ ಮಾತ್ರ ಉಂಟು. ಶಾಂತವ್ವ ಅನ್ನೋದು ಮಿಶನ್ನಿನವರು ಇಟ್ಟ ಹೆಸರು. ಹೆತ್ತವ್ವ ಏನಂತ ಕರೀತಿದ್ದಳು, ಯಾವ ಊರವಳು, ನಮಗ್ಯಾರಿಗೂ ಗೊತ್ತಿಲ್ಲ. ಗೋರಿಗೆ ಕಲ್ಲು ಹಾಕಿಸಿದ್ದನಂತೆ. ನೀವೇನಾದ್ರೂ ನೋಡಿದ್ದೀರಾ, ಅಮ್ಮ?"

ಕಾಶವ್ವನ ಕೈಯಲ್ಲಿದ್ದ ತಂಬಿಗೆ ತುಳುಕಿ ನನ್ನ ಮೇಲೆ ನೀರು ಬಿತ್ತು.

"ಇಲ್ರಿ ಬಾಯಾರ. ನಾ ಎಲ್ಲಿ ನೋಡ್ಲಿ?"

"ಹೋಗಲಿ ಬಿಡಿ. ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೇನೆ" ಎಂದು ಲಿಡಿಯಾ ನೀರು ಕುಡಿದು ಎದ್ದಳು.

ಅಂದು ಕಾಶವ್ವ ನೆನೆಸಿಟ್ಟ ಬಟ್ಟೆ ಒಗೆಯಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಹಾರೆ ತಂದು ನನ್ನ ಬುಡಕ್ಕೆ ಹಾಕಿದಳು. "ಯಾಕತ್ತಿ, ಏನಾತು?" ಎಂದು ಸೊಸೆ ಓಡಿ ಬಂದಳು. "ಕೈ ಹಚ್ಚು. ಆಮ್ಯಾಲ ಕೇಳು." ಇಬ್ಬರೂ ಸೇರಿ ನನ್ನನ್ನು ಹೊರಳಿಸಿದರು. ಕಾಶವ್ವ ಪೊರಕೆ ಮುಟ್ಟಲಿಲ್ಲ. ಸೆರಗಿನಿಂದಲೇ ನನ್ನ ಮುಖ ಒರೆಸಿದಳು. ಸೊಸೆ ಓದಿದಳು: "ಹಿರೇಕೊಪ್ಪದ ದ್ಯಾಮವ್ವ. ದೀಕ್ಷಾಸ್ನಾನದಲ್ಲಿ ಶಾಂತವ್ವ. ಯೋಬನ ಹೆಂಡತಿ."

ಕಾಶವ್ವ ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದಳು.

ಲಿಡಿಯಾ ಬಂದು ನನ್ನೆದುರು ಮೊಣಕಾಲೂರಿ ಅಕ್ಷರ ಅಕ್ಷರ ಮುಟ್ಟಿದಳು. "ದ್ಯಾಮವ್ವ" ಎಂದಳು. ಇನ್ನೊಮ್ಮೆ ಅಂದಳು. ಅತ್ತು ಮುಗಿದ ಮೇಲೆ ತಲೆಯೆತ್ತಿದಳು.

"ನಿನ್ನೆ ನಾನು ಇದರ ಮೇಲೆ ಕೂತಾಗ ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ರಿ."

ಲಿಡಿಯಾ ಬಯ್ಯಲಿಲ್ಲ. ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. "ಯಾವ ಗೋರಿಯಿಂದ ಎತ್ತಿದ್ದು, ತೋರಿಸಿ" ಎಂದಳು.

ಕೈಗಾಡಿಯಲ್ಲಿ ನನ್ನನ್ನು ಗೋರಿಗಳ ಕಡೆ ತಂದರು. ಕಾಶವ್ವ ಇಲ್ಲಿ ಎಂದಳು, ಅಲ್ಲ ಅಲ್ಲಿ ಎಂದಳು, ಕಡೆಗೆ ಕೂತೇಬಿಟ್ಟಳು. "ಎತ್ತಿದಾಂವ ಹ್ವಾದ. ಆವತ್ತ ನಾ ಸಂಗಾಟ ಬಂದಿರಲಿಲ್ರಿ ಬಾಯಾರ." ಲಿಡಿಯಾ ತಂದಿದ್ದ ಹೂವನ್ನು ಕಲ್ಲಿಲ್ಲದ ದಿಬ್ಬಗಳಿಗೆಲ್ಲ ಹಂಚಿ ಹಾಕಿದಳು. ಆಮೇಲೆ ಹಿರೇಕೊಪ್ಪದ ದಾರಿ ಕೇಳಿಕೊಂಡು ಒಬ್ಬಳೇ ಹೊರಟುಹೋದಳು.

ಈಗ ನಾನು ಮುರಿದ ಗೋಡೆಗೆ ಒರಗಿದ್ದೇನೆ. ಹೆಸರು ಬಿಸಿಲಿಗೆ ಬಂದಿದೆ. ಮಲಗಿದವಳು ಮಾತ್ರ ನನ್ನಿಂದ ದೂರವಾಗಿದ್ದಾಳೆ. ಕಾಶವ್ವ ಆಗಾಗ ಬರುತ್ತಾಳೆ. ಕೂರುವುದಿಲ್ಲ. "ಎಲ್ಲಿ ಮಲಗೀಯವ್ವ ದ್ಯಾಮವ್ವ? ಯಾವ ಕಡೆ ತಿರುಗಿ ಕೈ ಮುಗೀಲಿ?" ಎಂದು ಕೇಳುತ್ತಾಳೆ.

ನನಗೆ ಗೊತ್ತು. ಎಡಕ್ಕೆ, ಆ ಕಾರೆಕಂಟಿಯ ಬುಡದಲ್ಲಿ. ಆದರೆ ಕಲ್ಲಿಗೆ ಕೆತ್ತಿದಷ್ಟೇ ಮಾತು.

ಕಾಶವ್ವ ನಾಲ್ಕೂ ದಿಕ್ಕಿಗೆ ಕೈ ಮುಗಿದು ಮನೆಗೆ ಹೋಗುತ್ತಾಳೆ.