ಯಂತ್ರ ಓದದ ಸಾಲು

ನಾದಿನಿ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಅಣ್ಣನ ಶರ್ಟನ್ನು ಎತ್ತಿ ಹಿಡಿದಳು.

"ಅತ್ತಿಗೆ, ಇದರಲ್ಲಿ ಒಂದು ಗುಂಡಿ ಇಲ್ಲ."

"ಕೊಡು, ಹಾಕ್ತೀನಿ."

"ಅವನಿದ್ದಿದ್ರೆ ಬರೆದಿಡ್ತಿದ್ದ. ಇಂಥಾ ದಿನ, ಇಷ್ಟು ಹೊತ್ತಿಗೆ, ಮೂರನೇ ಗುಂಡಿ ನಾಪತ್ತೆ ಅಂತ."

ಅತ್ತಿಗೆ ನಕ್ಕಳು. ಸೂಜಿಗೆ ದಾರ ಪೋಣಿಸಲು ಕಣ್ಣು ಒರೆಸಿಕೊಳ್ಳಬೇಕಾಯಿತು. ಗಂಡನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಶರ್ಟು ತೊಡಿಸಿ ಹೊರಗೆ ತರಬೇಕಿತ್ತು.

"ಆ ಮ್ಯಾನೇಜರೂ ಬಂದಿದಾನೆ. ತಂದಿರೋ ಹೂಗುಚ್ಛ ಅವನಿಗಿಂತ ದಪ್ಪ ಇದೆ. ಎರಡು ಮಾತಾಡ್ತಾನಂತೆ. ಕಳಿಸಿಬಿಡ್ಲಾ?"

"ಬೇಡ, ಮಾತಾಡ್ಲಿ. ಇವರ ಮೇಲೆ ಹೊರಿಸಿದ್ದನ್ನ ಇವರು ಮಣ್ಣಿಗೆ ಹೋಗೋ ಮುಂಚೆ ಅವನೇ ಇಳಿಸ್ಬೇಕು."

\*

ಆಗ ಆಸ್ಪತ್ರೆಯ ವೆಬ್‌ಸೈಟಿನ ಸರ್ವರ್ ಅವಳ ಗಂಡನ ಸುಪರ್ದಿಯಲ್ಲಿತ್ತು. ಅದು ಎಲ್ಲಿ ಎಡವಿದರೂ ಒಂದು ಫೈಲಿನಲ್ಲಿ ತಾನೇ ಬರೆದುಕೊಳ್ಳುವಂತೆ ಹೊಂದಿಸಿದ್ದ. ಬೆಳಿಗ್ಗೆ ಆ ಎರರ್ ಲಾಗ್ ಓದದೆ ಚಹಾ ಮುಟ್ಟುತ್ತಿರಲಿಲ್ಲ.

"ಮೀಟಿಂಗಲ್ಲಿ ಈ ಪಟ್ಟಿ ನೋಡಿ ಎಲ್ರೂ ನನ್ನ ಮುಖಕ್ಕೆ ಉಗೀತಾರೆ," ಎಂದರು ಮ್ಯಾನೇಜರು. "ಬರಿಯೋದನ್ನೇ ನಿಲ್ಸಿ."

"ಬರಿಯೋದು ನಿಂತ್ರೆ ತಪ್ಪು ನಿಲ್ಲಲ್ಲ ಸಾರ್."

"ಹೇಳಿದಷ್ಟು ಮಾಡಿ."

ಮಾಡಿದ. ಸೆಟ್ಟಿಂಗ್ ಫೈಲಿನಲ್ಲಿ, ಆ ಬದಲಾವಣೆಯ ಮೇಲೆ, ಹ್ಯಾಶ್ (#) ಗುರುತು ಹಾಕಿ ಒಂದು ಸಾಲನ್ನೂ ಸೇರಿಸಿದ. ಹ್ಯಾಶ್ ಇರುವ ಸಾಲನ್ನು ಯಂತ್ರ ಓದುವುದಿಲ್ಲ. ಅದು ಮುಂದೊಂದು ದಿನ ತೆರೆದು ನೋಡುವ ಮನುಷ್ಯರಿಗೆ.

ಮರುತಿಂಗಳು ಹನ್ನೊಂದು ದಿನ ರೋಗಿಗಳ ಬುಕಿಂಗ್ ಒಂದೂ ದಾಖಲಾಗಲಿಲ್ಲ. ಲಾಗ್ ಇಲ್ಲದೆ, ಸರ್ವರ್ ಎಡವಿದ್ದು ಯಾರಿಗೂ ಗೊತ್ತಾಗಲೂ ಇಲ್ಲ. ನೋವು ಹೊತ್ತು ಬಂದವರು ಪಟ್ಟಿಯಲ್ಲಿ ಹೆಸರಿಲ್ಲವೆಂದು ಬಾಗಿಲಿಂದಲೇ ಹಿಂದಿರುಗಿದರು. ಲಾಗ್ ನಿಲ್ಲಿಸಿದ್ದು ಯಾರ ಲಾಗಿನ್‌ನಿಂದ ಎಂದಷ್ಟೇ ವಿಚಾರಣೆಯವರು ನೋಡಿದರು; ಅದು ಅವನದು. ಸೆಟ್ಟಿಂಗ್ ಫೈಲು ತೆರೆಯಿರಿ ಎಂದು ಅವನು ಅಂಗಲಾಚಿದ್ದು ಅವರ ಕಿವಿಗೇ ಬೀಳಲಿಲ್ಲ. ಕೆಲಸ ಹೋಯಿತು. ಸಾಯುವವರೆಗೂ, ಆರು ವರ್ಷ, ಬೀದಿಯವರ ಬಾಯಲ್ಲಿ ಅವನು 'ಲಾಗ್ ನುಂಗಿದವನು'.

\*

ಅವನ ಜೊತೆ ಕೆಲಸ ಮಾಡಿದ್ದವಳು ಹಳೇ ಸರ್ವರಿನಲ್ಲಿ ಆ ಫೈಲನ್ನು ಹುಡುಕಿ, ಅಚ್ಚು ತೆಗೆದು ಬೆಳಿಗ್ಗೆಯೇ ತಂದುಕೊಟ್ಟಿದ್ದಳು.

"ತಡ ಮಾಡ್ಬಿಟ್ಟೆ ಅಕ್ಕಾ. ನಾನೇ ಓದ್ಲಾ?"

"ಬೇಡ. ಮಾಡಿಸಿದವರೇ ಓದ್ಲಿ."

ಶವವನ್ನು ಹೊರಗೆ ತಂದ ಮೇಲೆ ಮ್ಯಾನೇಜರು ಎದ್ದು ಗಂಟಲು ಸರಿಮಾಡಿಕೊಂಡರು.

"ಇವರು ನನಗೆ ತಮ್ಮನಿದ್ದ ಹಾಗೆ. ಒಂದು ತಪ್ಪು ಮಾಡಿದ್ರು, ನಿಜ. ನಾನು ಯಾವತ್ತೋ ಕ್ಷಮಿಸಿದೀನಿ."

ಹೆಂಡತಿ ಎದ್ದುಹೋಗಿ ಕಾಗದ ಚಾಚಿದಳು. "ಅವರು ಬರೆದಿದ್ದು ಸಾರ್. ನಿಮ್ಮ ಬಾಯಲ್ಲಿ ಕೇಳೋಣ ಅಂತ."

ಅವರು ಕನ್ನಡಕ ಏರಿಸಿ, ಮರುಕದ ದನಿಯಲ್ಲಿಯೇ ಶುರುಮಾಡಿದರು.

"'ಎರರ್ ಲಾಗ್ ನಿಲ್ಲಿಸಲಾಗಿದೆ. ನಾನು ಬೇಡವೆಂದೆ. ನಿಲ್ಲಿಸಲೇಬೇಕೆಂದವರು...'"

ನಿಂತರು.

"ಮುಂದೆ ಸಾರ್."

"ಅಕ್ಷರ ಸರಿಯಾಗಿ ಕಾಣ್ತಿಲ್ಲಮ್ಮ."

"ಕಾಣುತ್ತೆ. ನಿಮ್ಮ ಹೆಸರೇ ಅದು. ನಿಧಾನಕ್ಕೆ ಓದಿ, ಅವರಿಗಂತೂ ಆತುರ ಇಲ್ಲ."

ಅವರು ತಮ್ಮ ಹೆಸರನ್ನು ಓದಿದರು.

"ಹಿಂದೆ ಕೇಳಿಸ್ಲಿಲ್ಲ," ಎಂದಳು ನಾದಿನಿ.

ಇನ್ನೊಮ್ಮೆ ಓದಿದರು. ಕೂರಲು ತಿರುಗಿದಾಗ ಅವರ ಅಕ್ಕಪಕ್ಕದವರೆಲ್ಲ ಎದ್ದು ಹೋಗಿ ಗೋಡೆಗೆ ಒರಗಿ ನಿಂತಿದ್ದರು. ಏಳು ಖಾಲಿ ಕುರ್ಚಿಗಳಲ್ಲಿ ತಾವು ಕೂತಿದ್ದದ್ದು ಯಾವುದೆಂದು ತಿಳಿಯದೆ, ಮ್ಯಾನೇಜರು ಕಾಗದ ಹಿಡಿದುಕೊಂಡೇ ನಿಂತರು.